ಪೌಲೋಸ್ ಚೇಟನ ಗ್ಯಾಸ್ ಶಾಸ್ತ್ರ

ಕೇರಳದಿಂದ ಬಂದು ಊರಿಗೆಲ್ಲ ಅಣ್ಣನಾದ ಪೌಲೋಸ್ ಚೇಟನ ಪ್ರಕಾರ ಮನುಷ್ಯನಿಗೆ ಬರುವ ಕಾಯಿಲೆ ಒಂದೇ: ಗ್ಯಾಸ್. ಅದು ಹೊಟ್ಟೆಯಲ್ಲಿ ಹುಟ್ಟುತ್ತದೆ. ಮೊಣಕಾಲಿಗೆ ಇಳಿದರೆ ಗಂಟುನೋವು, ಹಲ್ಲಿಗೆ ಹತ್ತಿದರೆ ಹಲ್ಲುನೋವು, ತಲೆಗೆ ಏರಿದರೆ ತಲೆತಿರುಗು, ಬಾಯಿಯಿಂದ ಹೊರಗೆ ಬಂದರೆ ಪಂಚಾಯತ್ ಮೆಂಬರನ ಭಾಷಣ. ಉಳಿದ ಕಾಯಿಲೆಗಳ ಹೆಸರೆಲ್ಲ ಆಸ್ಪತ್ರೆಯವರು ಬೋರ್ಡು ತುಂಬಿಸಲು ಮಾಡಿಕೊಂಡದ್ದು.

ಕಾಯಿಲೆ ಒಂದೇ ಆದ ಮೇಲೆ ಮದ್ದೂ ಒಂದೇ. ಶುಂಠಿ, ಜೀರಿಗೆ, ಓಮ, ಬೆಳ್ಳುಳ್ಳಿ, ಅದರ ಜೊತೆ ಅವರು ಯಾರಿಗೂ ಹೆಸರು ಹೇಳದ ಒಂದು ಬೇರು, ಇಷ್ಟನ್ನು ಕುದಿಸಿ ಇಳಿಸಿದ ಕಪ್ಪು ಕಷಾಯ. ಹಳೆಯ ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ತುಂಬಿಸಿ ಖಾಕಿ ಅಂಗಿಯ ಎಡ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಲ ಸೊಂಟಕ್ಕೆ ರಬ್ಬರ್ ಮರ ಕೀಸುವ ಕತ್ತಿ. ಒಮ್ಮೆ ಇಗರ್ಜಿಯಲ್ಲಿ ಪ್ರಸಂಗದ ಮಧ್ಯೆ ಪಾದ್ರಿ ಅಚ್ಚನ್‌ಗೆ ಕೆಮ್ಮು ಬಂತು. ಅವರು ನೀರಿಗಾಗಿ ಕೈ ಚಾಚುವಷ್ಟರಲ್ಲಿ ಚೇಟ ಬಾಟಲಿ ಹಿಡಿದು ಪೀಠದ ಹತ್ತಿರ ನಿಂತಿದ್ದರು. ಅಚ್ಚನ್ ಕುಡಿದರು, ಕಣ್ಣಲ್ಲಿ ನೀರು ತಂದುಕೊಂಡರು, ಪ್ರಸಂಗವನ್ನು ಅಲ್ಲಿಗೇ ಮುಗಿಸಿದರು. ನೆಲ್ಯಾಡಿ ಕಡೆಯ ಜನ ಆ ಕಷಾಯಕ್ಕೆ ಮನಸಾರೆ ಕೃತಜ್ಞರಾಗಿದ್ದು ಆ ಭಾನುವಾರ ಮಾತ್ರ.

ನಾನು ಏಳನೇ ಕ್ಲಾಸು ಮುಗಿಸದೆ ಶಾಲೆ ಬಿಟ್ಟವನು. ಕಲ್ಲಿನ ಕೋರೆ, ಅಡಿಕೆ ಸುಲಿಯುವುದು, ಲಾರಿಗೆ ಮರ ಹೇರುವುದು, ಎಲ್ಲ ಮಾಡಿ, ಮದುವೆಯೂ ಆಗಿ, ಕೊನೆಗೆ ಚೇಟನ ಹತ್ತಿರ ಟ್ಯಾಪಿಂಗ್, ಅಂದರೆ ರಬ್ಬರ್ ಹಾಲು ಇಳಿಸುವುದನ್ನು, ಕಲಿಯಲು ಹೋದೆ. ನನಗೆ ಯಾರೂ ಯಾವ ಕೆಲಸವನ್ನೂ ಎರಡು ಸಲ ಹೇಳಿಕೊಡಬೇಕಾಗಿ ಬಂದದ್ದಿಲ್ಲ. ಇದನ್ನು ಮೊದಲ ದಿನವೇ ಚೇಟನಿಗೆ ಹೇಳಿದೆ.

"ಹೌದಾ? ಹಾಗಾದ್ರೆ ನಾನು ಒಂದೇ ಸಲ ಹೇಳುದು" ಎಂದರು. "ತೊಗಟೆ ಕೀಸ್ಬೇಕು, ಮರ ಮುಟ್ಟಬಾರ್ದು. ತೊಗಟೆಯಲ್ಲಿ ಹಾಲು ಉಂಟು, ಮರದಲ್ಲಿ ಮರ ಮಾತ್ರ ಉಂಟು. ಮುಟ್ಟಿದ್ರೆ ಗಾಯ. ಗಾಯ ಆದ್ರೆ ಅಲ್ಲಿ ಗಂಟು ಕಟ್ಟುತ್ತದೆ, ಮತ್ತೆ ಅಲ್ಲಿ ಹಾಲು ಬರುದಿಲ್ಲ."

ಮೂರನೇ ಮರದಲ್ಲೇ ಗಾಯ ಮಾಡಿದೆ. ಚೇಟ ಗದರಲಿಲ್ಲ. "ಎಡೋ ಜನ್ನಾ, ನೀನು ಗಡ್ಡ ತೆಗೆಯುವಾಗ ದಿನಾ ಮೂಗು ಕೊಯ್ದುಕೊಳ್ಳುದಾ?" ಎಂದು ಕೇಳಿ, ಸೆಗಣಿ ಮಣ್ಣು ಕಲಸಿ ತರಿಸಿ, ಗಾಯಕ್ಕೆ ನನ್ನ ಕೈಯಿಂದಲೇ ಮೆತ್ತಿಸಿದರು. ಆಮೇಲೆ ಆ ದಾರಿಯಲ್ಲಿ ಹೋದವರಿಗೆಲ್ಲ ಮೆತ್ತಿದ ಮರ ತೋರಿಸಿದರು. ನಾನು ಗಾಯ ಮಾಡುವುದನ್ನು ಬಿಟ್ಟದ್ದು ಮರದ ಮೇಲಿನ ಕರುಣೆಯಿಂದ ಅಲ್ಲ, ಆ ಮೆರವಣಿಗೆಯ ನಾಚಿಕೆಯಿಂದ. ನಾಲ್ಕು ವರ್ಷದಲ್ಲಿ, ತೊಗಟೆಯ ಮೇಲೆ ಕೀಸಿದ ಯಾವ ಗೆರೆ ಚೇಟನದ್ದು ಯಾವುದು ನನ್ನದು ಎಂದು ತೋಟದ ಧಣಿಗಳಿಗೂ ಗೊತ್ತಾಗದ ಹಾಗೆ ಕಲಿತೆ. ಚೇಟನಿಗೆ ಗೊತ್ತಾಗುತ್ತಿತ್ತು. ಅದು ಬೇರೆ ಮಾತು.

ತೋಟದಲ್ಲಿ ಎದುರುಬದುರಾಗಿ ಎರಡು ಗುಡ್ಡಗಳು, ಮಧ್ಯದಲ್ಲಿ ತೋಡು. ಆಚೆಯದು ಅವರ ಗುಡ್ಡ, ಈಚೆಯದು ನನ್ನದು. ಬೆಳಿಗ್ಗೆ ಐದೂವರೆಗೆ ಹಣೆಯ ಲೈಟು ಕಟ್ಟಿ ಮೊದಲ ಮರಕ್ಕೆ ಕತ್ತಿ ಇಡುವ ಮೊದಲು ಚೇಟ ಒಂದು ಕೂ ಹಾಕುತ್ತಿದ್ದರು. ನಾನು ಮರುಕೂ ಹಾಕುತ್ತಿದ್ದೆ. ಎಂಟು ಗಂಟೆಗೆ ಬೀಡಿಗೆಂದು ಇನ್ನೊಂದು ಕೂ. ಈ ನಡುವೆ ಮಾತಿಲ್ಲ, ಫೋನಿಲ್ಲ. ಫೋನು ಅವರು ಮನೆಯಲ್ಲೇ ಬಿಟ್ಟು ಬರುವುದು. "ಕಿಸೆಯಲ್ಲಿ ಅದು ನಡುಗಿದ್ರೆ ಕೈಯೂ ನಡುಗುತ್ತದೆ." ಅವರ ಗುಡ್ಡದಲ್ಲಿ ಇಪ್ಪತ್ತು ಮರದ ಹದಿನೈದು ಸಾಲು. ಒಂದು ಮರಕ್ಕೆ, ಮುಂದಿನ ಮರಕ್ಕೆ ನಡೆಯುವುದೂ ಸೇರಿ, ನಲವತ್ತು ಸೆಕೆಂಡು. ಮಳೆ ಇರಲಿ, ಜ್ವರ ಇರಲಿ, ಹಿಂದಿನ ದಿನ ಮಗಳ ಮದುವೆಯೇ ಆಗಿರಲಿ, ನಲವತ್ತು ಸೆಕೆಂಡು. ನಾನು ಹಟಕ್ಕೆ ಬಿದ್ದು ಎಷ್ಟೋ ಸಲ ಗಡಿಯಾರ ಹಿಡಿದು ನೋಡಿದ್ದೇನೆ. ನನ್ನದು ನಲವತ್ತಮೂರಕ್ಕಿಂತ ಕೆಳಗೆ ಇಳಿಯಲಿಲ್ಲ.

ಬೀಡಿ ದಿನಕ್ಕೆ ಒಂದು ಕಟ್ಟು. "ಬೀಡಿ ಸೇದಿದ್ರೆ ಗ್ಯಾಸ್ ಹೊರಗೆ ಹೋಗುತ್ತದೆ. ಹೋಗುದು ಕಣ್ಣಿಗೇ ಕಾಣುತ್ತದಲ್ಲ, ಇನ್ನೆಂತ ಸಾಕ್ಷಿ ಬೇಕು?" ಇದಕ್ಕೆ ಉತ್ತರ ಕೊಡಲು ಪ್ರಯತ್ನಿಸಿದ್ದು ಊರಿನ ಆಶಾ ಕಾರ್ಯಕರ್ತೆ ವಸಂತಿ ಒಬ್ಬಳೇ. ಒಂದು ಶಿಬಿರದಲ್ಲಿ ಚೇಟನಿಗೆ ಬಿಪಿ ಜಾಸ್ತಿ ಉಂಟೆಂದು ಕಂಡುಹಿಡಿದವಳೂ ಅವಳೇ, ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ತಂದುಕೊಟ್ಟವಳೂ ಅವಳೇ. ತಿಂಗಳಿಗೊಮ್ಮೆ ಬಂದು ತೋಳಿಗೆ ಪಟ್ಟಿ ಕಟ್ಟಿ ನೋಡುತ್ತಿದ್ದಳು.

"ಚೇಟ, ಮಾತ್ರೆ ತಪ್ಪಿಸುದಿಲ್ಲ ಅಲ್ಲವಾ?"

"ನೀನು ಬರುವ ದಿವಸ ತಪ್ಪಿಸುದೇ ಇಲ್ಲ ಮಾರಾಯ್ತಿ."

ಅವಳು ತಮಾಷೆ ಎಂದು ನಗುತ್ತಿದ್ದಳು. ತಮಾಷೆಯಲ್ಲ, ಸತ್ಯ. ಅವಳು ಬರುವ ಹಿಂದಿನ ದಿನ ಒಂದು, ಆ ದಿನ ಬೆಳಿಗ್ಗೆ ಎರಡು ಮಾತ್ರೆ ನುಂಗಿ, ಪರೀಕ್ಷೆಗೆ ಕೂತ ಹಾಗೆ ಕೂತು, ಪ್ರತಿ ತಿಂಗಳೂ ಪಾಸಾಗುತ್ತಿದ್ದರು. ಉಳಿದ ದಿನಗಳ ಮಾತ್ರೆ ಬಿಸ್ಕತ್ತಿನ ಡಬ್ಬದಲ್ಲಿ ತುಂಬುತ್ತಿತ್ತು. ಅವರ ಹೆಂಡತಿ ಮರಿಯಮ್ಮ ಚೇಚಿ ಕೇಳಿದರೆ, "ಪಾಸಾದವನು ಮತ್ತೆ ಓದುದು ಯಾಕೆ?" ಎನ್ನುತ್ತಿದ್ದರು. ಶಾಲೆ ಅರ್ಧಕ್ಕೆ ಬಿಟ್ಟ ನನಗೂ ಆ ಮಾತು ಸರಿಯೆಂದೇ ಕಂಡಿತ್ತು.

ಒಂದು ದಿನ ಬೆಳಿಗ್ಗೆ ನನ್ನ ಬೆಂಕಿಪೊಟ್ಟಣ ಮಂಜಿಗೆ ಒದ್ದೆಯಾಗಿ, ಕೇಳಿ ತರಲು ತೋಡು ದಾಟಿ ಅವರ ಗುಡ್ಡಕ್ಕೆ ಹೋದೆ. ಮೂರನೇ ಸಾಲಿನಲ್ಲಿ ಚೇಟ ಕಲ್ಲಿನ ಮೇಲೆ ಕೂತಿದ್ದರು. ಕತ್ತಿ ನೆಲದಲ್ಲಿತ್ತು. ಎದುರಿನ ಮರದಲ್ಲಿ ದನದ ಗೊರಸು ಹೂತ ಹಾಗೆ ಒಂದು ಗಾಯ.

"ಎಂತಾಯ್ತು ಚೇಟ?"

ಅವರು ಏನೋ ಹೇಳಿದರು. ಬಾಯಲ್ಲಿ ಬಿಸಿ ಗಂಜಿ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ತುಟಿ ಒಂದು ಬದಿಗೆ ಸ್ವಲ್ಪ ಜಾರಿತ್ತು, ಬಲಗೈ ಜೋತುಬಿದ್ದಿತ್ತು. ಎಡಗೈಯಿಂದ ಬಾಟಲಿ ತೆಗೆದು ಗುಟುಕು ಗುಟುಕಾಗಿ ಕುಡಿದರು. ಹತ್ತು ನಿಮಿಷ ಆಗಿರಬಹುದು, ತುಟಿ ನೆಟ್ಟಗಾಯಿತು, ಕೈ ಬಂತು, ಮಾತೂ ಬಂತು.

"ನೋಡಿದೆಯಾ? ಹತ್ತೇ ನಿಮಿಷ. ಡಾಕ್ಟ್ರ ಹತ್ರ ಹೋಗಿದ್ರೆ ಚೀಟಿ ಮಾಡಿಸ್ಲಿಕ್ಕೇ ಅಷ್ಟು ಬೇಕು."

ನಾನು ನಕ್ಕೆ. ನಿಜ ಹೇಳುವುದಾದರೆ ನನ್ನ ಕಣ್ಣು ಅವರ ತುಟಿಗಿಂತ ಹೆಚ್ಚು ಆ ಗಾಯದ ಮೇಲಿತ್ತು. ಮೂವತ್ತೆಂಟು ವರ್ಷ ಮರ ಮುಟ್ಟದ ಕತ್ತಿ ಮರ ಮುಟ್ಟಿದೆ. ನನ್ನ ಹೊಟ್ಟೆಯೊಳಗೆ ಒಂದು ಸಣ್ಣ ಖುಷಿ ಎದ್ದದ್ದು ಸುಳ್ಳಲ್ಲ. ಆದರೆ ಗುರು ಗುರುವೇ. ಆ ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಸೆಗಣಿ ಮಣ್ಣು ಕಲಸಿ, ಆ ಗಾಯಕ್ಕೆ ನೀಟಾಗಿ ಮೆತ್ತಿ, ಮಳೆನೀರು ಇಳಿಯದ ಹಾಗೆ ಮರಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಸ್ವಲ್ಪ ಕೆಳಗೆ ಎಳೆದು ಕಟ್ಟಿದೆ. ಧಣಿಗಳಿಗೆ ಕಾಣಬಾರದು, ಚೇಟನ ಮಾನ ಉಳಿಯಬೇಕು. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡು ಮನೆಗೆ ಹೋಗಿ ಚೆನ್ನಾಗಿ ಉಂಡೆ.

ಮೂರು ವಾರದ ನಂತರ ಐದೂವರೆಯ ಕೂ ಕೇಳಿತು, ಎಂಟರ ಕೂ ಕೇಳಲಿಲ್ಲ.

ಹತ್ತು ನಿಮಿಷ ಕಾದು ಆಚೆ ಹೋದೆ. ಮನುಷ್ಯನನ್ನು ಹುಡುಕಲು ಹಸಿ ಗೆರೆ ಹಿಡಿದು ನಡೆದರೆ ಆಯಿತು, ಅವರು ಹೋದ ದಾರಿ ಅದೇ. ಒಂದನೇ ಸಾಲು, ಎರಡನೇ ಸಾಲು, ಒಂಬತ್ತರವರೆಗೂ ದಾರ ಹಿಡಿದು ಎಳೆದ ಹಾಗೆ ಗೆರೆ, ಗೆರಟೆಗೆ ತೊಟ್ಟಿಕ್ಕುವ ಹಾಲು. ಹತ್ತನೇ ಸಾಲಿನ ಮೊದಲ ಮರದಲ್ಲಿ ಗೆರೆ ಅರ್ಧಕ್ಕೆ ಬಂದು ಕೆಳಗೆ ಜಾರಿತ್ತು. ಎರಡನೆಯದರಲ್ಲಿ ಮರಕ್ಕೇ ಇಳಿದಿತ್ತು. ಮೂರನೆಯದರಲ್ಲಿ ಬೆಕ್ಕು ಪರಚಿದ ಹಾಗೆ ಅಡ್ಡ ಗೀರು. ನಾಲ್ಕನೆಯದರಲ್ಲಿ ಏನೂ ಇಲ್ಲ. ಐದನೆಯದರ ಬುಡದಲ್ಲಿ ಚೇಟ.

ಎಚ್ಚರ ಇತ್ತು. ಬಲಗೈ ಬಲಗಾಲು ಅವರದ್ದಲ್ಲದ ಹಾಗೆ ಬಿದ್ದಿದ್ದವು. ಎಡಗೈ ಕಿಸೆಯ ಬಾಟಲಿಯನ್ನು ತೋರಿಸುತ್ತಿತ್ತು. ಮುಚ್ಚಳ ತೆಗೆದು ಬಾಯಿಗೆ ಇಟ್ಟೆ. ಕಷಾಯ ಒಂದು ಬದಿಯಿಂದ ಹೊರಗೆ ಹರಿಯಿತು, ಉಳಿದದ್ದು ಉಸಿರಿಗೆ ಹೋಗಿ ಕಣ್ಣು ಮೇಲೆ ಮಾಡಿದರು. ಬಾಟಲಿ ಎಸೆದು ಅವರನ್ನು ಬೆನ್ನಿಗೆ ಹಾಕಿಕೊಂಡೆ. ಅರುವತ್ತೆರಡರ ಮನುಷ್ಯ, ಒಣ ಕಟ್ಟಿಗೆಯಷ್ಟು ಹಗುರ ಎಂದು ನಾನು ಯಾವಾಗಲೂ ಹಾಸ್ಯ ಮಾಡುತ್ತಿದ್ದೆ. ಅರ್ಧ ದೇಹ ಸೋತ ಮನುಷ್ಯ ಎಷ್ಟು ಭಾರ ಎಂದು ಆ ದಿನ ಗೊತ್ತಾಯಿತು.

ನಮ್ಮ ಊರಿನಲ್ಲಿ ಆಂಬುಲೆನ್ಸಿಗಿಂತ ಮೊದಲು ಅಭಿಪ್ರಾಯ ಬರುತ್ತದೆ. ಅವರ ಮನೆಯ ಅಂಗಳ ತಲುಪುವಾಗ ಏಳೆಂಟು ಅಭಿಪ್ರಾಯಗಳು ಬಂದು ನಿಂತಿದ್ದವು. ಒಬ್ಬರು ಸೋಡಾಕ್ಕೆ ಲಿಂಬೆ ಹಿಂಡಿ ಕೊಡಿ ಎಂದರು. ಒಬ್ಬರು ಅಂಗಾಲು ತಿಕ್ಕಿ ಎಂದರು. ಮಲಗಿಸಬೇಡಿ ಎಂದವರು ಒಬ್ಬರು, ಕೂರಿಸಬೇಡಿ ಎಂದವರು ಇನ್ನೊಬ್ಬರು. ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದ್ದು ಪಂಚಾಯತ್ ಮೆಂಬರರು.

"ಇದು ವಾಯು. ಸುಳ್ಯ ದಾಟಿ ಒಬ್ರು ಪಂಡಿತರು ಇದ್ದಾರೆ, ಎಣ್ಣೆ ತಿಕ್ಕಿ ಎಬ್ಬಿಸ್ತಾರೆ. ಆದ್ರೆ ಮೊದಲು ಅಲ್ಲಿಗೇ ಹೋಗ್ಬೇಕು. ಆಸ್ಪತ್ರೆಯ ಇಂಜೆಕ್ಷನ್ ಬಿದ್ದ ಮೇಲೆ ನಾಟಿ ಮದ್ದು ಹಿಡಿಯುದಿಲ್ಲ."

ಎಲ್ಲರೂ ಹೌದು ಹೌದು ಎಂದರು. ಯಾವ ವಿಷಯಕ್ಕೂ ಒಂದಾಗದ ಊರು ಅದೊಂದಕ್ಕೆ ಒಂದಾಯಿತು. ಜೀಪಿನ ಮೂತಿ ಸುಳ್ಯದ ಕಡೆಗೆ ತಿರುಗಿಯೂ ಆಯಿತು. ಅಷ್ಟರಲ್ಲಿ ಮರಿಯಮ್ಮ ಚೇಚಿ ವಸಂತಿಗೆ ಫೋನು ಮಾಡಿದ್ದರು. ಅವಳು ಸ್ಪೀಕರಿನಲ್ಲಿ ಕೇಳಿದ್ದು ಮೂರೇ ಮಾತು. "ನಗ್ಲಿಕ್ಕೆ ಹೇಳಿ, ಬಾಯಿ ಒಂದೇ ಬದಿಗೆ ಹೋಗುತ್ತದಾ? ಎರಡೂ ಕೈ ಎತ್ತಲಿಕ್ಕೆ ಹೇಳಿ, ಒಂದು ಬೀಳುತ್ತದಾ? ಹೆಸರು ಹೇಳ್ಲಿಕ್ಕೆ ಹೇಳಿ, ತೊದಲುತ್ತದಾ?" ಮೂರಕ್ಕೂ ಹೌದು. "ಹಾಗಾದ್ರೆ ಪುತ್ತೂರಿಗೆ ಹೋಗಿ, ಸ್ಕ್ಯಾನ್ ಇರುವಲ್ಲಿಗೆ. ಬಾಯಿಗೆ ಎಂತದ್ದೂ ಹಾಕ್ಬೇಡಿ. ಎಲ್ಲಿಯೂ ನಿಲ್ಲಿಸ್ಬೇಡಿ."

"ಪಂಡಿತರು..." ಎಂದರು ಮೆಂಬರರು.

"ನಿಮಗೆ ಬಂದಾಗ ಅಲ್ಲಿಗೆ ಹೋಗಿ" ಎಂದರು ಮರಿಯಮ್ಮ ಚೇಚಿ. ಜೀಪಿನ ಮೂತಿ ತಿರುಗಿತು. ಈ ಸಮಾಲೋಚನೆಗೆ ಮುಕ್ಕಾಲು ಗಂಟೆ ಹೋಗಿತ್ತು.

ಪುತ್ತೂರಿನ ಆಸ್ಪತ್ರೆಯಲ್ಲಿ ಒಬ್ಬರು ಚಿಕ್ಕ ಪ್ರಾಯದ ಡಾಕ್ಟ್ರಮ್ಮ ಇದ್ದರು. ಸ್ಕ್ಯಾನಿಗೆ ಒಳಗೆ ಕಳಿಸುತ್ತಲೇ ಕೇಳಿದರು.

"ಇವರು ಸರಿ ಇದ್ದದ್ದನ್ನು ಕೊನೆಯದಾಗಿ ನೋಡಿದ್ದು ಎಷ್ಟು ಗಂಟೆಗೆ?"

"ಐದೂಕಾಲಿಗೆ ಕಾಫಿ ಕುಡಿದು ಹೋದ್ರು" ಎಂದರು ಚೇಚಿ.

"ಐದೂವರೆಗೆ ಕೂ ಹಾಕಿದ್ರು" ಎಂದೆ ನಾನು.

ಅವರು ಗೋಡೆಯ ಗಡಿಯಾರ ನೋಡಿದರು. ಸ್ಕ್ಯಾನ್ ಮುಗಿಯುವಾಗ ಹತ್ತು ದಾಟಿತ್ತು. ಹೊರಗೆ ಬಂದು ನಿಧಾನವಾಗಿ ತಿಳಿಸಿದರು. ತಲೆಯೊಳಗೆ ರಕ್ತ ಸೋರಿಲ್ಲ. ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ನಾಳ ಒಂದು ಕಡೆ ಮುಚ್ಚಿದೆ. ಅದನ್ನು ಕರಗಿಸುವ ಇಂಜೆಕ್ಷನ್ ಉಂಟು. ಆದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿ ಕೊಟ್ಟರೆ ಅದೇ ಮದ್ದಿನಿಂದ ತಲೆಯೊಳಗೆ ರಕ್ತ ಸೋರಿ ಜೀವಕ್ಕೇ ಅಪಾಯ. ಐದೂವರೆಯಿಂದ ಹಿಡಿದರೆ ಹೊತ್ತು ಮೀರಿದೆ.

ಕೊಡದಿದ್ದರೆ ಎಂದು ಚೇಚಿ ಕೇಳಿದರು. ಬಲಗೈ, ಬಲಗಾಲು, ಮಾತು, ಎಷ್ಟು ಬರುತ್ತದೆಂದು ಹೇಳಲಾಗುವುದಿಲ್ಲ ಎಂದರು ಡಾಕ್ಟ್ರಮ್ಮ.

ನನಗೆ ಕಂಡದ್ದು ಹತ್ತನೇ ಸಾಲು.

"ಮೇಡಂ, ಇದು ಐದೂವರೆಗೆ ಆದದ್ದಲ್ಲ. ಏಳೂವರೆಗೆ."

"ನೀವು ನೋಡಿದಿರಾ?"

"ಮರ ನೋಡಿದೆ. ಒಂಬತ್ತು ಸಾಲು ಗೆರೆ ಸರಿ ಉಂಟು. ಸಾಲಿಗೆ ಇಪ್ಪತ್ತು, ನೂರ ಎಂಬತ್ತು ಮರ. ಮರಕ್ಕೆ ನಲವತ್ತು ಸೆಕೆಂಡು. ಎರಡು ಗಂಟೆ ಕೈ ಸರಿಯೇ ಇತ್ತು. ಹತ್ತನೇ ಸಾಲಿನ ಮೊದಲ ಮರದಲ್ಲಿ ಜಾರಿದ್ದು."

ಅವರು ಕೇಸು ಬರೆಯುವ ಕಾಗದದ ಹಿಂದೆ ಗುಣಿಸಿ ನೋಡಿದರು. ನನಗೆ ಕಾಗದ ಬೇಕಾಗಿರಲಿಲ್ಲ.

"ಗೆರೆ ಜಾರಿದ್ದು ಈ ಕಾಯಿಲೆಯಿಂದಲೇ ಅಂತ ಹೇಗೆ ಹೇಳುತ್ತೀರಿ? ಕೈ ತಪ್ಪಿಯೂ ಜಾರಬಹುದಲ್ಲ? ಮೊದಲು ಯಾವತ್ತೂ ಜಾರಿಲ್ಲವಾ?"

ಇಲ್ಲ ಎಂದರೆ ಲೆಕ್ಕ ಗಟ್ಟಿಯಾಗುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಆ ಪ್ರಶ್ನೆ ಕೇಳುವಾಗ ಅವರ ಪೆನ್ನು ಕಾಗದದ ಮೇಲೆ ನಿಂತಿತ್ತು. ನಾನು ಹೇಳಿದ್ದರ ಮೇಲೆ ಒಬ್ಬ ಮನುಷ್ಯನ ತಲೆಯೊಳಗೆ ಮದ್ದು ಹೋಗುತ್ತದೆ.

"ಒಮ್ಮೆ ಜಾರಿದೆ. ಮೂರು ವಾರದ ಹಿಂದೆ. ಆಗಲೂ ತುಟಿ ಓರೆ ಆಗಿತ್ತು, ಕೈ ಬಿದ್ದಿತ್ತು. ಹತ್ತು ನಿಮಿಷದಲ್ಲಿ ಸರಿ ಆಯ್ತು. ಗ್ಯಾಸ್ ಅಂತ ಬಿಟ್ಟೆವು."

ಮರಿಯಮ್ಮ ಚೇಚಿ ನನ್ನನ್ನು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. ಅದು ಗ್ಯಾಸ್ ಅಲ್ಲ, ಅಂದು ನಾಳ ಸ್ವಲ್ಪ ಹೊತ್ತು ಮುಚ್ಚಿ ತಾನೇ ತೆರೆದದ್ದು, ದೊಡ್ಡದು ಬರುವ ಮುನ್ಸೂಚನೆ, ಅವತ್ತೇ ಕರೆತರಬೇಕಿತ್ತು ಎಂದರು ಡಾಕ್ಟ್ರಮ್ಮ. ಮಂಗಳೂರಿನ ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. "ಸರ್, ವಿಟ್ನೆಸ್ ಇಲ್ಲ, ಆದರೆ ಮರಗಳು ಉಂಟು" ಎಂದು ಶುರು ಮಾಡಿ ಎಲ್ಲ ವಿವರಿಸಿದರು. ಆಚೆಯಿಂದ ಅವರು ಏನೋ ಕೇಳಿದರು. ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು.

"ಲೆಕ್ಕ ತಪ್ಪಿದ್ದರೆ ಎಷ್ಟು ತಪ್ಪಿರಬಹುದು?"

"ಹತ್ತು ನಿಮಿಷ. ಅದೂ ಬೀಡಿ ಹೊತ್ತಿಸಿದ್ರೆ."

ಚೇಚಿ ಸಹಿ ಹಾಕಿದರು. ಇಂಜೆಕ್ಷನ್ ಹೋಯಿತು.

ಸಂಜೆಗೆ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ನಾಲ್ಕನೇ ದಿನ ಹಿಡಿದುಕೊಂಡು ನಿಂತರು. ಕೈ ಮೇಲೆ ಏಳುವಷ್ಟು ಬಂತು, ಬೆರಳು ಪೂರ್ತಿ ಬರಲಿಲ್ಲ. ಮಾತು ಮಾತ್ರ ವಿಚಿತ್ರವಾಗಿ ಹಿಂದೆ ಬಂತು. ಮೊದಲ ಎರಡು ವಾರ ಚೇಟನ ಬಾಯಲ್ಲಿ ಇದ್ದದ್ದು ಒಂದೇ ಶಬ್ದ: ಗ್ಯಾಸ್. ನೀರು ಬೇಕಾದರೂ ಗ್ಯಾಸ್, ಹೆಂಡತಿಯನ್ನು ಕರೆಯುವುದೂ ಗ್ಯಾಸ್, ನೋಡಲು ಬಂದ ಅಚ್ಚನ್‌ಗೆ ಸ್ತೋತ್ರ ಹೇಳುವುದೂ ಗ್ಯಾಸ್. ಹಾಗೆ ಆಗುವುದುಂಟು, ತುಂಬ ಬಳಸಿದ ಶಬ್ದ ಮೊದಲು ಬರುತ್ತದೆ ಎಂದರು ಡಾಕ್ಟ್ರಮ್ಮ. ಎಲ್ಲರೂ ನಗಬಾರದೆಂದು ಗೋಡೆ ನೋಡುತ್ತಿದ್ದೆವು. ಮೊದಲು ನಕ್ಕವರು ಚೇಟ. ಬಾಯಿ ಇನ್ನೂ ಸ್ವಲ್ಪ ಓರೆ ಇತ್ತು.

ಮಾತು ಪೂರ್ತಿ ಬಂದ ಮೇಲೆ ಆ ಶಬ್ದವನ್ನು ಅವರು ಬಿಟ್ಟರು. ಬಿಪಿ, ಬೀಡಿ, ತಾಳ ತಪ್ಪಿದ ಎದೆಬಡಿತ, ಮೂರೂ ಸೇರಿ ಹೀಗಾಯಿತೆಂದು ಡಾಕ್ಟ್ರಮ್ಮ ಹೇಳಿದ್ದನ್ನು ಬೈಬಲ್ ವಾಕ್ಯದ ಹಾಗೆ ಬಾಯಿಪಾಠ ಮಾಡಿದ್ದರು. ಬೀಡಿ ಹೋಯಿತು, ದಿನಾ ಮಾತ್ರೆ ಬಂತು. ಹೊಸ ಶಾಸ್ತ್ರವೂ ಹುಟ್ಟಿತು. ಈಗ ಲೋಕದಲ್ಲಿದ್ದ ಕಾಯಿಲೆ ಒಂದೇ: ಬ್ಲಾಕ್. "ಮರದಲ್ಲಿ ಗೆರೆಯ ಮೇಲೆ ಹಾಲು ಒಣಗಿ ಒಟ್ಟುಪಾಲು ಕಟ್ಟುದಿಲ್ಲವಾ? ಮತ್ತೆ ಹಾಲು ನಿಲ್ಲುತ್ತದೆ. ತಲೆಯಲ್ಲಿಯೂ ಅದೇ. ಮರದಲ್ಲಾದ್ರೆ ಉಗುರಿನಿಂದ ಎಳೆದು ತೆಗೀಬಹುದು."

ಬಸ್ಸು ಕಾಯುವವರನ್ನು, ಮದುವೆ ಊಟಕ್ಕೆ ಕೂತವರನ್ನು, ಕೊಯಿಲದ ಸಂತೆಗೆ ಬಂದವರನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. "ನಗು. ಕೈ ಎತ್ತು. ಹೆಸರು ಹೇಳು." ಒಮ್ಮೆ ಮೆಂಬರರು ವೇದಿಕೆಯಲ್ಲಿ ಮಾತಾಡುತ್ತ ತಡವರಿಸಿದಾಗ ಚೇಟ ಕೋಲು ಊರುತ್ತ ಮೇಲೆ ಹತ್ತಿ ಎರಡೂ ಕೈ ಎತ್ತಿಸಿದರು. ಸಭೆಗೆ ಬಂದವರು ಅದು ಕಾರ್ಯಕ್ರಮದ ಭಾಗವೆಂದು ತಾವೂ ಕೈ ಎತ್ತಿದರು. ಹೀಗೆ ಅವರು ಹನ್ನೊಂದು ಮಂದಿಯನ್ನು ಜೀಪು ಹತ್ತಿಸಿ ಪುತ್ತೂರಿಗೆ ಕಳಿಸಿದ್ದರು. ಹತ್ತು ಮಂದಿಗೆ ಇದ್ದದ್ದು ಬರೀ ಗ್ಯಾಸ್. ಹನ್ನೊಂದನೆಯವಳು ರಾಮಕುಂಜ ಕಡೆಯ ಒಬ್ಬ ಹೆಂಗಸು, ಹೊತ್ತಿಗೆ ಸರಿಯಾಗಿ ತಲುಪಿದಳು. ಈಗ ಎರಡೂ ಕೈಯಲ್ಲಿ ಬೀಡಿ ಕಟ್ಟುತ್ತಾಳೆ.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಕಳೆದ ಚಳಿಗಾಲದಲ್ಲಿ, ಅವರ ಗುಡ್ಡದಲ್ಲಿ. ಆಗ ಎರಡೂ ಗುಡ್ಡ ನನ್ನ ಕೈಯಲ್ಲೇ ಇತ್ತು. ಕೋಲು ಊರಿಕೊಂಡು ಹತ್ತನೇ ಸಾಲಿನ ಮೊದಲ ಮರದ ಹತ್ತಿರ ಬಂದು ಕೈ ಚಾಚಿದರು. ಕತ್ತಿ ಕೊಟ್ಟೆ. ಎಡಗೈಯಲ್ಲಿ ಹಿಡಿದು ಗೆರೆ ಎಳೆಯಲು ಹೋದರು. ಗೆರೆ ಎರಡು ಬೆರಳಗಲ ಹೋಗುವಷ್ಟರಲ್ಲಿ ಕತ್ತಿ ಮರಕ್ಕೆ ಇಳಿಯಿತು. ನಾನು ಬೇರೆ ಕಡೆ ನೋಡಿದೆ.

"ಎಂತ, ಹೇಳುದಿಲ್ಲವಾ?"

"ಎಂತ ಹೇಳುದು ಚೇಟ?"

"ಗಾಯ ಆಯ್ತು ಅಂತ." ಕತ್ತಿ ವಾಪಸು ಕೊಟ್ಟರು. "ಅವತ್ತು ಮೂರನೇ ಸಾಲಿನಲ್ಲಿ ಮಣ್ಣು ಮೆತ್ತಿದ್ದು ನೀನಲ್ಲವಾ?"

ನಾನು ಕತ್ತಿಗೆ ಅಂಟಿದ ಹಾಲು ಒರೆಸತೊಡಗಿದೆ.

"ಮರು ಸರದಿಗೆ ಬಂದಾಗಲೇ ನೋಡಿದೆ. ನೀಟಾಗಿ ಮೆತ್ತಿದ್ದೆ, ನಾನು ಕಲಿಸಿದ್ದು ತಾನೆ. ನೋಡಿ ನಂಗೆ ಸಮಾಧಾನವೂ ಆಯ್ತು, ಯಾರಿಗೂ ಗೊತ್ತಾಗ್ಲಿಲ್ಲ ಅಂತ. ಒಂದು ಗಾಯ ಮುಚ್ಚಲಿಕ್ಕೆ ಇಬ್ಬರು ಗಂಡಸರು, ನೋಡು." ಮರಕ್ಕೆ ಕೈ ಊರಿದರು. "ನೀನು ಹೇಳಿದ್ರೆ ನಾನು ಬೈತಿದ್ದೆ. ಬೈಸಿಕೊಂಡಾದರೂ ಹೇಳ್ಬೇಕಿತ್ತು ಮಾರಾಯ."

ನಾನು ಅಭ್ಯಾಸಬಲದಿಂದ ಮಣ್ಣಿಗೆ ಬಗ್ಗಿದೆ. ಕೋಲಿನಿಂದ ಕೈಗೆ ಮೆಲ್ಲ ತಟ್ಟಿದರು.

"ಇದಕ್ಕೆ ಬೇಡ. ಕಾಣಲಿ."

ಮುಂದಿನ ವಾರ ಮಧ್ಯಾಹ್ನದ ನಿದ್ದೆಯಲ್ಲಿ ಹೋದರು. ಹೃದಯ ನಿಂತದ್ದು ಎಂದರು ಡಾಕ್ಟರು. ಮಣ್ಣು ಮಾಡಿ ಬರುವಾಗ ನನ್ನ ಮುಂದೆ ನಡೆಯುತ್ತಿದ್ದ ಮೆಂಬರರು ಪಕ್ಕದವರಿಗೆ ಹೇಳುತ್ತಿದ್ದರು: "ನನಗೇನೋ ಗ್ಯಾಸ್ ಅಂತಲೇ ಸಂಶಯ."

ಈಗ ಐದೂವರೆಗೆ ನಾನೇ ಮೊದಲ ಕೂ ಹಾಕುತ್ತೇನೆ. ಮೊನ್ನೆ ಐದನೇ ಸಾಲಿನಲ್ಲಿ ನನ್ನ ಕತ್ತಿಯೂ ಮರ ಮುಟ್ಟಿತು. ಮಣ್ಣು ಮೆತ್ತಲಿಲ್ಲ. ಕತ್ತಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದೆ. ಎರಡೂ ನಿಂತವು. ಗಟ್ಟಿಯಾಗಿ ನನ್ನ ಹೆಸರು ಹೇಳಿದೆ, ತೊದಲಲಿಲ್ಲ. ಆಮೇಲೆ ಮರಗಳ ಮಧ್ಯೆ ಒಬ್ಬನೇ ನಿಂತು ನಕ್ಕೆ. ಬಾಯಿ ನೆಟ್ಟಗೆ ಇತ್ತೋ ಓರೆ ಇತ್ತೋ, ನೋಡಿ ಹೇಳಲು ಎದುರಿಗೆ ಯಾರೂ ಇರಲಿಲ್ಲ.